ಮ್ಯಾಥ್ಯೂ ಫ್ಲಿಂಡರ್ಸನೂ ದಿಕ್ಸೂಚಿಯ ದೋಷವೂ

ಪರದೇಶಗಳಲ್ಲಿ ಕೆಲವರು ತಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ಚಿಕ್ಕ ವಿಮಾನವನ್ನು ಸ್ವಂತ ಕೈಗಳಿಂದ ಕಟ್ಟಿ ಹಾರಿಸುತ್ತಾರೆ. ಅಂಥವರು ಚಾಲಕನ ಆಸನದ ಮುಂದೆ ದಿಕ್ಸೂಚಿಯನ್ನು ಕೂರಿಸುವಾಗ ಬಹು ಎಚ್ಚರದಿಂದಿರಬೇಕು. ಯಾಕಂದರೆ ಅದರ ಸೂಜಿಯು ಸಮೀಪದ ಕಬ್ಬಿಣದಿಂದಲೂ ಸೆಳೆಯಲ್ಪಡುವದು. ಸೂಜಿಯ ಬಳಿಯಲ್ಲಿ ಕುಡುಗೋಲನ್ನು ಹಿಡಿದರೆ ಅದು ಓರೆಯಾಗುವದನ್ನು ಯಾರಾದರೂ ನೋಡಬಹುದು. ಹಡಗುಗಳಲ್ಲಿ ಈ ದೋಷವನ್ನು ಕ್ರಮವಾಗಿ ಶೋಧಿಸಿದ ಮ್ಯಾಥ್ಯೂ ಫ್ಲಿಂಡರ್ಸನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಈತನು 1774ನೇ ಇಸವಿ ಮಾರ್ಚ್ 16ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ಶಸ್ತ್ರವೈದ್ಯನು, ಮಗನೂ ತನ್ನ ವೃತ್ತಿಯನ್ನೇ ಹಿಡಿಯಬೇಕೆಂದು ಬಯಸಿದನು. ಆದರೆ ಹುಡುಗನ ಮನಸ್ಸು ಸಮುದ್ರದ ಮೇಲಿತ್ತು. ರೇಖಾಗಣಿತವನ್ನೂ ನೌಕಾಶಾಸ್ತ್ರವನ್ನೂ ತಾನೇ ಅಭ್ಯಾಸಮಾಡಿ, 1789ರಲ್ಲಿ ನೌಕಾಸೈನ್ಯವನ್ನು ಸೇರಿದನು. 1798-99ರಲ್ಲಿ ಜಾರ್ಜ್ ಬಾಸ್ ಎಂಬ ವೈದ್ಯನೊಡನೆ ಟಾಸ್ಮೇನಿಯವನ್ನು ಸುತ್ತಿಬಂದು, ಅದು ದ್ವೀಪವೆಂದು ಸ್ಥಾಪಿಸಿದನು.

1801ರ ಏಪ್ರಿಲಿನಲ್ಲಿ ಆತನಿಗೆ ವಿವಾಹವಾಯಿತು. ಮೂರು ತಿಂಗಳಾದ ಮೇಲೆ ಪತ್ನಿಯನ್ನು ಬಿಟ್ಟು, ಇನ್ವೆಸ್ಟಿಗೇಟರ್ ಎಂಬ ಹಡಗಿನ ನಾಯಕನಾಗಿ ಆಸ್ಟ್ರೇಲಿಯದ ಕರಾವಳಿಯ ನಕ್ಷೆಯನ್ನು ಬರೆಯಲು ಹೊರಟನು. ಅಲ್ಲಿ ಒಂದು ವಿಚಿತ್ರವನ್ನು ಕಂಡನು. ಹಡಗಿನ ಮೂತಿಯು ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಇದ್ದರೆ ಸೂಜಿಯ ದೋಷವು ಅತ್ಯಲ್ಪ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದರೆ ಅತ್ಯಧಿಕ. ದಿಕ್ಸೂಚಿಯನ್ನು ಹಡಗಿನಲ್ಲಿಯೇ ಬೇರೊಂದು ಸ್ಥಳದಲ್ಲಿಟ್ಟರೂ ಭೇದವುಂಟಾಯಿತು. ಭೂಮಿಯ ಅಯಸ್ಕಾಂತಶಕ್ತಿಯನ್ನು ಹೀರಿದ ಹಡಗಿನ ಕಬ್ಬಿಣವೇ ಸೂಜಿಯನ್ನು ಎಳೆಯುತ್ತದೆಂದು ಆತನು ಗ್ರಹಿಸಿದನು. ಇದೇನು ಅಲ್ಪ ವಿಷಯವೋ? ಐದು ಅಂಶ ತಪ್ಪಿದರೆ, 60 ಮೈಲು ಹೋಗುವಷ್ಟರಲ್ಲಿ ಹಡಗು ದಾರಿಯಿಂದ ಸುಮಾರು 5 ಮೈಲು ಸರಿದಿರುವದು. ಕತ್ತಲೆಯಲ್ಲಿ ಅಲ್ಲಿ ಬಂಡೆಯಿದ್ದರೆ ಎಲ್ಲರ ಪ್ರಾಣವೂ ಹೋಗುವದು.

ಆಸ್ಟ್ರೇಲಿಯವನ್ನು ಪೂರ್ಣವಾಗಿ ಸುತ್ತುವಷ್ಟರಲ್ಲಿ ಹಡಗಿನ ಮರವು ಕೊಳೆತುಹೋಯಿತು. ಊರಿಗೆ ಹಿಂದಿರುಗುತ್ತಾ ಏರಿದ ಮತ್ತೊಂದು ಹಡಗು ಹವಳದ ದಿಬ್ಬಕ್ಕೆ ತಾಗಿ ಒಡೆಯಿತು. ಮೂರನೆಯದಾದ ಸಣ್ಣ ಹಡಗಿಗೆ ನೀರು ಸೋರಿದ್ದರಿಂದ 1803ರ ಡಿಸೆಂಬರಿನಲ್ಲಿ ಮಾರಿಷಸ್ ದ್ವೀಪದ ಬಂದರನ್ನು ಸೇರಿದನು. ಆ ದ್ವೀಪವು ಆಗ ಫ್ರೆಂಚರದು. ಅವರಿಗೂ ಇಂಗ್ಲಿಷರಿಗೂ ಯುದ್ಧ ನಡೆಯುತ್ತಿತ್ತು. ಆತನ ರಹದಾರಿ ಪತ್ರವೋ ಮೊದಲನೆಯ ಹಡಗಿನ ಹೆಸರಿಗೆ ಬರೆಯಲ್ಪಟ್ಟಿತ್ತು. ಅಧಿಪತಿಯಾದ ಡಿಕಾನನು ಸಂಶಯಪಟ್ಟು ಆತನನ್ನು ಆರು ವರುಷಕ್ಕಿಂತ ಹೆಚ್ಚಾಗಿ ಸೆರೆಯಲ್ಲಿಟ್ಟನು. ಆದರೂ ಫ್ಲಿಂಡರ್ಸನು ಸುಮ್ಮನೆ ಕೂತಿರಲಿಲ್ಲ. ನಕ್ಷೆಗಳನ್ನು ತಿದ್ದಿದನು, ಸೂಜಿಯ ದೋಷವನ್ನು ಕುರಿತು ಬರೆದ ಲೇಖನವು 1805ರಲ್ಲಿ ಲಂಡನಿನ ರಾಯಲ್ ಸೊಸೈಟಿಯವರಿಂದ ಪ್ರಕಟವಾಯಿತು.

1810ರಲ್ಲಿ ಬಿಡುಗಡೆಯಾಗಿ, ಒಂಭತ್ತು ವರುಷಗಳ ಮೇಲೆ ಪತ್ನಿಯ ಮುಖವನ್ನು ಕಂಡನು. 1812ರಲ್ಲಿ ಸರಕಾರದವರು ಹಲವು ಹಡಗುಗಳಲ್ಲಿ ಆತನ ಮಾತನ್ನು ಪರೀಕ್ಷಿಸಿದರು. ದೋಷವನ್ನು ಸರಿದೂಗಿಸಲು ದಿಕ್ಸೂಚಿಯ ಬಳಿಯಲ್ಲಿ ನೆಟ್ಟಗೆ ನಿಲ್ಲಿಸುವ ಕಬ್ಬಿಣದ ಸಲಾಕಿಗೆ ಇಂದಿಗೂ ಫ್ಲಿಂಡರ್ಸನ ಹೆಸರಿದೆ. 1814ನೇ ಜುಲೈ 18ರಲ್ಲಿ ಆತನ ಯಾತ್ರೆಯ ಗ್ರಂಥವು ಪ್ರಕಟವಾಯಿತು. ಮರುದಿನವೇ 40 ವರುಷದ ಪ್ರಾಯದಲ್ಲಿ ತೀರಿಕೊಂಡನು. ಗುರುತು ಮರೆಯಾಗಿದ್ದ ಆತನ ಸಮಾಧಿಯು 2019ರಲ್ಲಿ ಲಂಡನಿನಲ್ಲಿ ಸಿಕ್ಕಿತು. 2024ರಲ್ಲಿ ಅಸ್ಥಿಗಳನ್ನು ಹುಟ್ಟೂರಿನಲ್ಲಿ ಹೂಣಿಟ್ಟರು.

ಈಗ ವಿಮಾನಕ್ಕೆ ಬರೋಣ. ಕಟ್ಟುವವನು ದಿಕ್ಸೂಚಿಯನ್ನು ಕಬ್ಬಿಣದಿಂದಲೂ ವಿದ್ಯುತ್ತಿನ ತಂತಿಗಳಿಂದಲೂ ಆದಷ್ಟು ದೂರವಿಟ್ಟು, ಹಿತ್ತಾಳೆಯ ತಿರುಪುಗಳಿಂದ ಬಿಗಿಯುತ್ತಾನೆ. ಬಳಿಕ ವಿಮಾನವನ್ನು ಬಯಲಿನಲ್ಲಿ ನಿಲ್ಲಿಸಿ, ಯಂತ್ರವನ್ನು ನಡಿಸಿ, ಮೂತಿಯನ್ನು ಒಂದೊಂದು ದಿಕ್ಕಿಗೂ ತಿರುಗಿಸಿ ನೋಡುತ್ತಾನೆ. ಚಿಕ್ಕ ಅಯಸ್ಕಾಂತಗಳಿಂದ ತಪ್ಪನ್ನು ತಗ್ಗಿಸಿ, ಉಳಿದುದನ್ನು ಚೀಟಿಯಲ್ಲಿ ಬರೆದು ದಿಕ್ಸೂಚಿಯ ಪಕ್ಕದಲ್ಲಿಯೇ ಅಂಟಿಸುತ್ತಾನೆ. ದೋಷವು ಸಂಪೂರ್ಣವಾಗಿ ಹೋಗದಿದ್ದರೂ ಎಷ್ಟೆಂದು ತಿಳಿದಿರುವ ಕಾರಣ ಚಾಲಕನು ದಾರಿ ತಪ್ಪದೆ ಮನೆಗೆ ಸೇರುವನು. ತನ್ನ ಉಪಕರಣವನ್ನು ಕಣ್ಣುಮುಚ್ಚಿ ನಂಬದೆ, ಬಿಸಾಡಿಯೂ ಬಿಡದೆ, ತಾಳ್ಮೆಯಿಂದ ಅಳೆದು ನೋಡಿದ ಈ ನಾವಿಕನನ್ನು ನಾವು ಕೃತಜ್ಞತೆಯಿಂದ ನೆನಸತಕ್ಕದ್ದು.