ಚೀನಾದ ಮೊದಲ ಚಕ್ರವರ್ತಿ: ಸಿನಿಮಾದಲ್ಲಿ ಕಂಡದ್ದು, ಹೆಂಚಿನ ಚೂರಿನಲ್ಲಿ ಉಳಿದದ್ದು

ಶುಗರ್ ಲ್ಯಾಂಡ್ (ಟೆಕ್ಸಾಸ್): ಇಲ್ಲಿಂದ ಕಾರಿನಲ್ಲಿ ಅರ್ಧ-ಮುಕ್ಕಾಲು ಗಂಟೆ ದೂರದ ಕೇಟಿ ಎಂಬ ಊರಿನಲ್ಲಿ 2011ರ ತನಕ ಫರ್ಬಿಡನ್ ಗಾರ್ಡನ್ಸ್ ಅಂತ ಒಂದು ಬಯಲು ಮ್ಯೂಸಿಯಂ ಇತ್ತು. ಗಾರ್ಡನ್ಸ್ ಎಂಬ ಹೆಸರು ಕೇಳಿ ಹೂತೋಟ ಅಂದುಕೊಂಡು ಹೋದವರಿಗೆ ಅಲ್ಲಿ ಕಾಣುತ್ತಿದ್ದದ್ದು ಸಾಲುಸಾಲಾಗಿ ನಿಂತ ಆರು ಸಾವಿರ ಸೈನಿಕರ ಬೊಂಬೆಗಳು. ಎತ್ತರ ಅಸಲಿನ ಮೂರನೇ ಒಂದು ಪಾಲು. ಹಾಂಗ್‌ಕಾಂಗ್ ಮೂಲದ ಉದ್ಯಮಿ ಐರಾ ಪೂನ್ ಇದನ್ನು 1990ರ ದಶಕದಲ್ಲಿ ಕಟ್ಟಿಸಿದ್ದರು. ಗ್ರ್ಯಾಂಡ್ ಪಾರ್ಕ್‌ವೇ ಹೆದ್ದಾರಿ ಆ ಜಾಗಕ್ಕೆ ಬಂತು, ಮ್ಯೂಸಿಯಂ ಮುಚ್ಚಿತು, ಸಾಮಾನೆಲ್ಲ ಮಾರಾಟಕ್ಕೆ ಬಂತು. 2,200 ವರ್ಷದ ಹಿಂದೆ ಚಕ್ರವರ್ತಿಯೊಬ್ಬ ತನ್ನ ಸಮಾಧಿ ಕಾಯಲು ನಿಲ್ಲಿಸಿದ ಸೈನ್ಯದ ನಕಲು ಟೆಕ್ಸಾಸ್‌ನಲ್ಲಿ ಹೀಗೆ ಚದುರಿಹೋಯಿತು. ಅಸಲಿ ಸೈನಿಕರಲ್ಲಿ ಕೆಲವರು 2009ರಲ್ಲಿ ಹ್ಯೂಸ್ಟನ್‌ನ ನ್ಯಾಚುರಲ್ ಸೈನ್ಸ್ ಮ್ಯೂಸಿಯಂಗೆ ಪ್ರದರ್ಶನಕ್ಕೆ ಬಂದು ಹೋದದ್ದೂ ಉಂಟು.

ಆ ಚಕ್ರವರ್ತಿಯ ಹೆಸರು ಚಿನ್ ಶಿ ಹ್ವಾಂಗ್. ಚಿನ್ ರಾಜ್ಯದ ಮೊದಲ ಚಕ್ರವರ್ತಿ ಅಂತ ಅರ್ಥ. ಚೀನಾ ಎಂಬ ಹೆಸರೇ ಈ ಚಿನ್‌ನಿಂದ ಬಂದದ್ದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹುಟ್ಟು ಹೆಸರು ಯಿಂಗ್ ಝೆಂಗ್. ಹುಟ್ಟಿದ್ದು ಕ್ರಿ.ಪೂ. 259ರಲ್ಲಿ, ಅದೂ ಪರರಾಜ್ಯದಲ್ಲಿ. ಆಗ ಚೀನಾ ಒಂದು ದೇಶವಲ್ಲ. ಏಳು ರಾಜ್ಯಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುತ್ತಿದ್ದ ಕಾಲ. ಇತ್ತ ಭಾರತದಲ್ಲಿ ಅಶೋಕ ಆಳುತ್ತಿದ್ದ. ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲೆ ಅವನ ಮಾತು ಕೊರೆದ ಕಾಲಕ್ಕೂ ಈ ಹುಡುಗನ ಕಾಲಕ್ಕೂ ದೂರವಿಲ್ಲ.

ತಂದೆ ಚಿನ್ ರಾಜವಂಶದವನಾದರೂ ಶತ್ರು ರಾಜ್ಯವಾದ ಝಾವೊದ ರಾಜಧಾನಿಯಲ್ಲಿ ಒತ್ತೆಯಾಳಾಗಿದ್ದವನು. ಕೈಯಲ್ಲಿ ಕಾಸಿಲ್ಲ, ಊರಿನಲ್ಲಿ ಬೆಲೆಯಿಲ್ಲ. ಅವನ ಮೇಲೆ ಲ್ಯೂ ಬುವೇ ಎಂಬ ವ್ಯಾಪಾರಿಯ ಕಣ್ಣು ಬಿತ್ತು. ಹಳೆಯ ಕಥೆಯ ಪ್ರಕಾರ ಈ ವ್ಯಾಪಾರಿ ಮನೆಗೆ ಹೋಗಿ ತಂದೆಯ ಹತ್ತಿರ ಲೆಕ್ಕ ಕೇಳಿದ: ಬೇಸಾಯಕ್ಕೆ ಹಾಕಿದರೆ ಎಷ್ಟು ಪಟ್ಟು ಬರುತ್ತದೆ, ರತ್ನಕ್ಕೆ ಹಾಕಿದರೆ ಎಷ್ಟು, ರಾಜನನ್ನೇ ತಯಾರು ಮಾಡಿದರೆ ಎಷ್ಟು. ಮೊದಲನೆಯದಕ್ಕೆ ಹತ್ತು ಪಟ್ಟು, ಎರಡನೆಯದಕ್ಕೆ ನೂರು ಪಟ್ಟು, ಮೂರನೆಯದಕ್ಕೆ ಲೆಕ್ಕವೇ ಇಲ್ಲ ಎಂಬ ಉತ್ತರ ಬಂತು. ಆತ ದುಡ್ಡನ್ನು ಮೂರನೆಯದಕ್ಕೇ ಹಾಕಿದ. ಒತ್ತೆಯಾಳು ಊರಿಗೆ ಮರಳಿ ಸಿಂಹಾಸನ ಏರಿದ, ಮೂರೇ ವರ್ಷಕ್ಕೆ ತೀರಿಕೊಂಡ. ಮಗ ಝೆಂಗ್ 13ನೇ ವಯಸ್ಸಿಗೆ ರಾಜನಾದ. ವ್ಯಾಪಾರಿ ಪ್ರಧಾನಿಯಾದ.

ಹುಡುಗ ನಿಜವಾಗಿ ಆ ವ್ಯಾಪಾರಿಯ ಮಗ ಎಂಬ ಗುಸುಗುಸು ಸುದ್ದಿಯನ್ನು ಸಿಮಾ ಚಿಯಾನ್ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಇಲ್ಲೊಂದು ಎಚ್ಚರ ಬೇಕು. ಈ ಚಕ್ರವರ್ತಿಯ ಬಗ್ಗೆ ಬಂದ ಪುಸ್ತಕ, ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಮೂಲ ಅವನದೇ ಬರಹ. ಅವನು ಬರೆದದ್ದು ರಾಜ ಸತ್ತು ನೂರು ವರ್ಷ ಕಳೆದ ಮೇಲೆ, ಚಿನ್ ವಂಶವನ್ನು ಕೆಳಗಿಳಿಸಿ ಬಂದ ಹಾನ್ ವಂಶದ ಅರಮನೆಯಲ್ಲಿ ಕುಳಿತು. ಹಳೆಯ ಮ್ಯಾನೇಜರ್ ಕೆಟ್ಟವನು ಅಂತ ಹೊಸ ಮ್ಯಾನೇಜರ್‌ನ ಆಫೀಸಿನಲ್ಲಿ ಬರೆದ ವರದಿಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಪೂರ್ತಿ ಸುಳ್ಳು ಅನ್ನುವ ಹಾಗೂ ಇಲ್ಲ.

ತರುಣ ರಾಜನ ಮೊದಲ ವರ್ಷಗಳಲ್ಲಿ ತಾಯಿಯ ಪ್ರಿಯಕರನೇ ದಂಗೆ ಎದ್ದ. ಅದನ್ನು ಅಡಗಿಸಿದ ರಾಜ ವ್ಯಾಪಾರಿ ಪ್ರಧಾನಿಯನ್ನೂ ಹೊರಗೆ ಹಾಕಿದ, ಆತ ಕೊನೆಗೆ ವಿಷ ಕುಡಿದ. ಇದೆಲ್ಲ ಅರಮನೆ ಜಗಳ. ಗಲ್ಫ್‌ನಲ್ಲಿ ದುಡಿಯುವವರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ, ಅದು ನಡೆದದ್ದು ಕ್ರಿ.ಪೂ. 237ರಲ್ಲಿ.

ಪಕ್ಕದ ಹಾನ್ ರಾಜ್ಯದಿಂದ ಝೆಂಗ್ ಗುವೊ ಎಂಬ ಎಂಜಿನಿಯರ್ ಬಂದು ಚಿನ್‌ನಲ್ಲಿ ದೊಡ್ಡ ಕಾಲುವೆ ತೋಡಿಸುತ್ತಿದ್ದ. ಚಿನ್‌ನ ಹಣ, ಜನ ಎಲ್ಲ ಕಾಲುವೆಗೆ ಖರ್ಚಾಗಿ ಯುದ್ಧಕ್ಕೆ ಏನೂ ಉಳಿಯಬಾರದು ಎಂದು ಅವನ ರಾಜ್ಯದವರು ಮಾಡಿದ ಉಪಾಯ ಅದು ಎಂದು ನಡುವೆ ಗೊತ್ತಾಯಿತು. ಕೂಡಲೇ ಹೊರಗಿನವರನ್ನೆಲ್ಲ ಕೆಲಸದಿಂದ ತೆಗೆದು ದೇಶ ಬಿಡಿಸಿ ಅಂತ ಆದೇಶ ಹೊರಟಿತು. ಸೌದಿಯಲ್ಲಿ ನಿತಾಖಾತ್ ದಿನಗಳನ್ನು ಕಂಡವರಿಗೆ ಆ ದಿನದ ಗಾಬರಿಯನ್ನು ವಿವರಿಸಬೇಕಾಗಿಲ್ಲ. ಹೊರದಬ್ಬುವವರ ಪಟ್ಟಿಯಲ್ಲಿ ಚು ರಾಜ್ಯದಿಂದ ಬಂದ ಲಿ ಸಿ ಎಂಬ ಅಧಿಕಾರಿಯೂ ಇದ್ದ. ಆತ ರಾಜನಿಗೆ ಅರ್ಜಿ ಬರೆದ. ನಿನ್ನ ರಾಜ್ಯ ಬಲವಾದದ್ದೇ ಹೊರಗಿನಿಂದ ಬಂದವರ ಬುದ್ಧಿಯಿಂದ, ನಿನ್ನ ಅರಮನೆಯ ರತ್ನ, ಕುದುರೆ, ಸಂಗೀತ ಎಲ್ಲ ಹೊರಗಿನದು, ಮನುಷ್ಯರು ಮಾತ್ರ ಯಾಕೆ ಬೇಡ ಎಂಬುದು ಅರ್ಜಿಯ ಸಾರಾಂಶ. ರಾಜ ಆದೇಶ ವಾಪಸ್ ಪಡೆದ. ಎಂಜಿನಿಯರ್‌ನನ್ನೂ ಬಿಟ್ಟ, ಕಾಲುವೆ ಪೂರ್ತಿಯಾಯಿತು. ಶತ್ರು ಖರ್ಚು ಮಾಡಿಸಲು ಹೊರಟ ಯೋಜನೆಯೇ ಬರಡು ನೆಲಕ್ಕೆ ನೀರು ಕೊಟ್ಟು ಚಿನ್ ಸೈನ್ಯದ ಹೊಟ್ಟೆ ತುಂಬಿಸಿತು. ಈ ರಾಜನ ಇಡೀ ಜೀವನದಲ್ಲಿ, ತಪ್ಪಾಯಿತು ಎಂದು ಗೊತ್ತಾದ ಕೂಡಲೇ ತಿದ್ದಿಕೊಂಡ ಇಂಥ ಸಂದರ್ಭ ಬಹಳ ಕಡಿಮೆ.

ಆಮೇಲೆ ಕ್ರಿ.ಪೂ. 230ರಿಂದ ಹತ್ತು ವರ್ಷದೊಳಗೆ ಆರೂ ರಾಜ್ಯಗಳು ಒಂದೊಂದಾಗಿ ಬಿದ್ದವು. ಕ್ರಿ.ಪೂ. 230ರಲ್ಲಿ ಹಾನ್, 221ರಲ್ಲಿ ಕೊನೆಯದಾದ ಚಿ. ನಡುವೆ 227ರಲ್ಲಿ ಯಾನ್ ರಾಜ್ಯ ಕಳಿಸಿದ ಜಿಂಗ್ ಕೆ ಎಂಬವನು ನಕ್ಷೆಯ ಸುರುಳಿಯೊಳಗೆ ಕತ್ತಿ ಅಡಗಿಸಿ ತಂದು ರಾಜನ ಮೇಲೆ ಬಿದ್ದ. ರಾಜ ಕಂಬ ಸುತ್ತಿ ಓಡಿ ಬಚಾವಾದ. ಸಿನಿಮಾದವರಿಗೆ ಬೇಕಾದದ್ದು ಈ ಒಂದು ದಿನದ ಕಥೆ. ಚೆನ್ ಕೈಗೆ ಮಾಡಿದ ದಿ ಎಂಪರರ್ ಅಂಡ್ ದಿ ಅಸಾಸಿನ್ (1998) ಇದನ್ನೇ ಹೇಳುತ್ತದೆ. ಝಾಂಗ್ ಯಿಮೌ ಮಾಡಿದ ಹೀರೋ (2002) ಕಥೆಯನ್ನೇ ತಿರುಗಿಸಿತು. ಕೊಲ್ಲಲು ಬಂದವನೇ, ಒಬ್ಬ ರಾಜನಿದ್ದರೆ ಯುದ್ಧ ನಿಲ್ಲುತ್ತದೆ ಎಂದು ಕೈ ಹಿಂದೆಗೆಯುತ್ತಾನೆ. ನೋಡಲು ಬಲು ಚೆಂದದ ಸಿನಿಮಾ, ಆದರೆ ಸರ್ವಾಧಿಕಾರಿಗೆ ಸರ್ಟಿಫಿಕೇಟ್ ಕೊಟ್ಟಿತು ಎಂಬ ಟೀಕೆ ಬಂದದ್ದು ಸುಮ್ಮನೆ ಅಲ್ಲ. ಅದರಲ್ಲಿ ಕೊಲ್ಲಲು ಬರುವ ಪಾತ್ರ ಮಾಡಿದ ಜೆಟ್ ಲಿ, 2008ರ ದಿ ಮಮ್ಮಿ ಸರಣಿಯ ಮೂರನೇ ಚಿತ್ರದಲ್ಲಿ ಇದೇ ಚಕ್ರವರ್ತಿಯ ನೆರಳಿನಲ್ಲಿ ಕಟ್ಟಿದ ದುಷ್ಟ ರಾಜನಾದರು. ಕನ್ನಡಿಗರಿಗೆ ಹತ್ತಿರದ್ದು ಜಾಕಿ ಚಾನ್ ಅವರ ದಿ ಮಿತ್ (2005). ಅದರಲ್ಲಿ ಜಾಕಿ ಚಾನ್ ಈ ಚಕ್ರವರ್ತಿಯ ಸೇನಾಪತಿಯೂ ಹೌದು. ಜೊತೆಗೆ ಮಲ್ಲಿಕಾ ಶೆರಾವತ್, ಶೂಟಿಂಗ್ ಆದ ಜಾಗಗಳಲ್ಲಿ ಒಂದು ನಮ್ಮ ಹಂಪಿ.

ಯುದ್ಧದ ಇನ್ನೊಂದು ಬದಿ ಯಾವ ಸಿನಿಮಾದಲ್ಲೂ ಬಂದ ಹಾಗಿಲ್ಲ. ಚು ರಾಜ್ಯದ ಮೇಲೆ ಹೋದ ಸೈನ್ಯದಲ್ಲಿ ಹೈಫು ಮತ್ತು ಜಿಂಗ್ ಎಂಬ ಅಣ್ಣ-ತಮ್ಮ ಇದ್ದರು. ಮರದ ಹಲಗೆಯ ಮೇಲೆ ಅವರು ಮನೆಗೆ ಬರೆದ ಎರಡು ಪತ್ರಗಳು ಹುಬೈ ಪ್ರಾಂತ್ಯದ ಶುಯಿಹುದಿಯ ಗೋರಿಯೊಂದರಲ್ಲಿ 1970ರ ದಶಕದಲ್ಲಿ ಸಿಕ್ಕವು. ಅಮ್ಮ ಹೇಗಿದ್ದಾಳೆ ಎಂದು ವಿಚಾರಣೆ, ಮದುವೆಯಾಗಿ ಬಿಟ್ಟು ಬಂದ ಹೊಸ ಹೆಂಡತಿಯ ಚಿಂತೆ. ಬೇಸಿಗೆಗೆ ಬಟ್ಟೆ ಬೇಕು, ಊರಲ್ಲಿ ಬಟ್ಟೆ ಅಗ್ಗವಾಗಿದ್ದರೆ ಹೊಲಿಸಿ ಕಳಿಸಿ, ಇಲ್ಲದಿದ್ದರೆ ದುಡ್ಡೇ ಕಳಿಸಿ, ಇಲ್ಲಿ ಕೊಂಡುಕೊಳ್ಳುತ್ತೇವೆ ಎಂಬ ಲೆಕ್ಕಾಚಾರ. ತಮ್ಮನಿಗೆ ಐದಾರು ನೂರು ನಾಣ್ಯ ತುರ್ತು, ಜೊತೆಗಾರನ ಹತ್ತಿರ ಸಾಲ ಮಾಡಿಯಾಗಿತ್ತು. ಗಲ್ಫ್‌ನಿಂದ ಊರಿಗೆ ದುಡ್ಡು ಹೋಗುತ್ತದೆ, ಇವರಿಗೆ ಊರಿನಿಂದ ಬರಬೇಕಿತ್ತು. ಅಷ್ಟೇ ವ್ಯತ್ಯಾಸ.

ಕ್ರಿ.ಪೂ. 221ರಲ್ಲಿ 38ರ ವಯಸ್ಸಿನ ರಾಜ ಚಕ್ರವರ್ತಿಯಾದ. ಅವನ ದೊಡ್ಡ ಕೆಲಸ ಯುದ್ಧಕ್ಕಿಂತ ಹೆಚ್ಚಾಗಿ ಲೆಕ್ಕದ್ದು ಎನ್ನಬೇಕು. ಒಂದೇ ತೂಕ, ಒಂದೇ ಅಳತೆ, ನಡುವೆ ಚೌಕ ತೂತಿರುವ ಒಂದೇ ದುಂಡು ನಾಣ್ಯ, ಒಂದೇ ಲಿಪಿ, ಗಾಡಿಯ ಎರಡು ಚಕ್ರಗಳ ನಡುವೆ ಒಂದೇ ಅಂತರ. ಅಳತೆಯ ಪಾತ್ರೆ, ತೂಕದ ಕಲ್ಲುಗಳ ಮೇಲೆಯೇ 40 ಅಕ್ಷರದ ರಾಜಾಜ್ಞೆ ಕೊರೆಯಿಸಿದ. ಮುಡಿ, ಕಳಸೆ, ಸೇರಿನ ಕಾಲದಲ್ಲಿ ಗದ್ದೆಯ ಗೇಣಿ ಅಳೆದು ಕೊಟ್ಟ ಕರಾವಳಿಯ ಹಿರಿಯರಿಗೆ ಅಳತೆ ಒಂದೇ ಆಗುವುದೆಂದರೆ ಏನೆಂದು ಗೊತ್ತು. ಆದರೆ ಲೆಕ್ಕ ಸರಿಯಾದ ಕೂಡಲೇ ವಸೂಲಿಯೂ ಸರಿಯಾಗುತ್ತದೆ. ತೆರಿಗೆ, ದಂಡ, ಬಿಟ್ಟಿ ದುಡಿಮೆ ಯಾವುದರಿಂದಲೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಉತ್ತರದಲ್ಲಿ ಗೋಡೆ, ಎಲ್ಲ ದಿಕ್ಕಿಗೂ ರಸ್ತೆ, ಅರಮನೆ, ಸಮಾಧಿ, ಎಲ್ಲ ಒಟ್ಟಿಗೇ ನಡೆಯಿತು. 213ರಲ್ಲಿ ಪುಸ್ತಕ ಸುಡಿಸಿದ. ವೈದ್ಯ, ಕೃಷಿ, ಜ್ಯೋತಿಷ್ಯದ ಪುಸ್ತಕಗಳಿಗೆ ವಿನಾಯಿತಿ ಇತ್ತು. ಮರುವರ್ಷ 460 ವಿದ್ವಾಂಸರನ್ನು ಕೊಲ್ಲಿಸಿದ ಎಂದು ಸಿಮಾ ಚಿಯಾನ್ ಬರೆಯುತ್ತಾನೆ. ಸುಡುವ ಸಲಹೆ ಕೊಟ್ಟವನು, ಹೊರಗಿನವರ ಪರವಾಗಿ ಅರ್ಜಿ ಬರೆದ ಅದೇ ಲಿ ಸಿ. ಬೇಡ ಅಂದ ಹಿರಿಯ ಮಗ ಫುಸುವನ್ನು ಗಡಿಗೆ ಕಳಿಸಿದರು.

ಕೊನೆಕೊನೆಗೆ ಸಾವಿನ ಭಯ ಹಿಡಿಯಿತು. ಸಾಯದಿರುವ ಮದ್ದು ತರಲು ಕಡಲಿಗೆ ಜನ ಕಳಿಸಿದ. ಮದ್ದು ಸಿಗಲಿಲ್ಲ. ಕ್ರಿ.ಪೂ. 210ರಲ್ಲಿ, 49ರ ವಯಸ್ಸಿನಲ್ಲಿ, ರಾಜ್ಯ ಸುತ್ತುವ ಪ್ರವಾಸದ ನಡುವೆಯೇ ತೀರಿಕೊಂಡ. ಲಿ ಸಿ ಮತ್ತು ಝಾವೊ ಗಾವೊ ಎಂಬ ಅರಮನೆ ಅಧಿಕಾರಿ ಸುದ್ದಿ ಮುಚ್ಚಿಟ್ಟರು. ಬೇಸಿಗೆ ಕಾಲ, ಹೆಣ ನಾರತೊಡಗಿತು. ವಾಸನೆ ಯಾರದೆಂದು ಗೊತ್ತಾಗದಿರಲಿ ಅಂತ ಮೆರವಣಿಗೆಯ ಗಾಡಿಗಳಿಗೆ ಉಪ್ಪುಮೀನು ತುಂಬಿಸಿದರು. ಇಡೀ ಚೀನಾವನ್ನು ಆಳಿದವನು ರಾಜಧಾನಿಗೆ ಮರಳಿದ್ದು ಒಣಮೀನಿನ ವಾಸನೆಯ ಮರೆಯಲ್ಲಿ. ಸುಳ್ಳು ಪತ್ರ ಬರೆದು ಹಿರಿಯ ಮಗನನ್ನು ಆತ್ಮಹತ್ಯೆಗೆ ದೂಡಿದರು, ಕಿರಿಯವನನ್ನು ಕೂರಿಸಿದರು. ಮರುವರ್ಷ ಮಳೆಯಿಂದ ಕೆಲಸಕ್ಕೆ ತಡವಾಗಿ ಶಿಕ್ಷೆಗೆ ಹೆದರಿದ ಬಿಟ್ಟಿ ಆಳುಗಳೇ ಮೊದಲ ದಂಗೆ ಎದ್ದರು. ಹತ್ತು ಸಾವಿರ ತಲೆಮಾರು ಬಾಳಬೇಕೆಂದಿದ್ದ ವಂಶ 15 ವರ್ಷಕ್ಕೆ ಮುಗಿಯಿತು.

ಸಮಾಧಿ ಕೆಲಸಕ್ಕೆ ಏಳು ಲಕ್ಷ ಜನರನ್ನು ತಂದಿದ್ದರು, ಒಳಗಿನ ಗುಟ್ಟು ಗೊತ್ತಿದ್ದ ಕುಶಲಕರ್ಮಿಗಳನ್ನು ಒಳಗೇ ಮುಚ್ಚಿಬಿಟ್ಟರು ಎಂದು ಸಿಮಾ ಚಿಯಾನ್ ಬರೆದಿದ್ದಾನೆ. ಒಳಗೆ ಪಾದರಸದ ನದಿಗಳಿವೆ ಎಂಬ ಅವನ ಮಾತು ಕಟ್ಟುಕಥೆ ಅನ್ನಿಸಿತ್ತು. ಮಣ್ಣು ಪರೀಕ್ಷೆ ಮಾಡಿದಾಗ ಅಲ್ಲಿ ಪಾದರಸದ ಅಂಶ ನಿಜಕ್ಕೂ ಹೆಚ್ಚಿತ್ತು. ಮುಖ್ಯ ಸಮಾಧಿಯನ್ನು ಇನ್ನೂ ತೆರೆದಿಲ್ಲ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು ಹೊರಗಿನ ಮಣ್ಣಿನ ಸೈನ್ಯ. ಕೆಲವು ಸೈನಿಕರ ಮೈಮೇಲೆ ಮಾಡಿದವನ ಹೆಸರಿದೆ. ಮಂಗಳೂರು ಹೆಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತಿದ ಹಾಗೆ ಕಾಣುತ್ತದೆ, ಆದರೆ ಇದು ಹೆಮ್ಮೆಯ ಗುರುತಲ್ಲ. ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಎಂಬುದಕ್ಕೆ ಮಾಡಿದ ವ್ಯವಸ್ಥೆ.

1979ರಲ್ಲಿ ಅದೇ ಸಮಾಧಿಯ ಪಶ್ಚಿಮಕ್ಕೆ ಝಾವೊಬೈಹು ಎಂಬ ಹಳ್ಳಿಯ ಹತ್ತಿರ ಕೆಲಸಗಾರರ ಗೋರಿಗಳು ಸಿಕ್ಕವು. ಒಂದೊಂದು ಗುಂಡಿಯಲ್ಲಿ ಹಲವರು. ಮೂಳೆಗಳ ಜೊತೆ ಒಡೆದ ಹೆಂಚಿನ ಚೂರುಗಳು, ಅವುಗಳ ಮೇಲೆ ಗೀಚಿದ ಊರು, ಹೆಸರು. ಇಪ್ಪತ್ತರ ಹತ್ತಿರ ಹೆಸರುಗಳು ಓದಲು ಸಿಕ್ಕಿವೆ. ಕೆಲವರ ಹೆಸರಿನ ಜೊತೆ, ಇವನು ದಂಡ ಅಥವಾ ಸಾಲ ತೀರಿಸಲು ದುಡಿಯುತ್ತಿದ್ದವನು ಎಂಬ ಅರ್ಥದ ಪದವೂ ಇದೆ. ಆ ದುಡಿಮೆಯ ದರ ಶುಯಿಹುದಿಯಲ್ಲೇ ಸಿಕ್ಕ ಕಾನೂನಿನ ಬಿದಿರು ಪಟ್ಟಿಗಳಲ್ಲಿದೆ: ದಿನಕ್ಕೆ 8 ನಾಣ್ಯ, ಊಟ ಸರಕಾರದ್ದಾದರೆ 6. ಒಂದು ಕವಚದ ದಂಡ ಎಂದರೆ 1,344 ನಾಣ್ಯ ಎಂದು ಇನ್ನೊಂದು ಪಟ್ಟಿಯಲ್ಲಿದೆ. ಸರಕಾರಿ ಊಟ ಮಾಡಿ ಅದನ್ನು ತೀರಿಸಲು 224 ದಿನ ಬೇಕು. ವೀಸಾಕ್ಕೆ ಮಾಡಿದ ಸಾಲವನ್ನು ಕ್ಯಾಂಪಿನ ಮಂಚದ ಮೇಲೆ ಕುಳಿತು ತಿಂಗಳಿಗೆ ಭಾಗಿಸಿದವರಿಗೆ ಈ ಲೆಕ್ಕ ಹೊಸತಲ್ಲ.

ಹೆಸರು ಬರೆದಿಡುವುದು ಎಲ್ಲ ಕಡೆಯೂ ನಡೆದಿಲ್ಲ. ಶುಗರ್ ಲ್ಯಾಂಡ್‌ನಲ್ಲೇ 2018ರಲ್ಲಿ ಶಾಲಾ ಕಟ್ಟಡಕ್ಕೆ ನೆಲ ಅಗೆಯುವಾಗ 95 ಗೋರಿಗಳು ಸಿಕ್ಕವು. ಗುಲಾಮಗಿರಿ ಮುಗಿದ ಮೇಲೆ, ಕೈದಿಗಳೆಂಬ ಹೆಸರಿನಲ್ಲಿ ಕಬ್ಬಿನ ಹೊಲಗಳಿಗೆ ಬಾಡಿಗೆಗೆ ಕೊಟ್ಟ ಕಪ್ಪು ಜನಾಂಗದ ಕೆಲಸಗಾರರ ಗೋರಿಗಳವು. 2019ರಲ್ಲಿ ಮತ್ತೆ ಮಣ್ಣು ಮಾಡುವಾಗ ಯಾವ ಗೋರಿ ಯಾರದೆಂದು ಹೇಳುವಂತಿರಲಿಲ್ಲ.

ಝಾವೊಬೈಹುವಿನ ಒಂದು ಹೆಂಚಿನ ಚೂರಿನಲ್ಲಿ ಚಿಂಗ್‌ಜಿ ಎಂಬವನ ಹೆಸರಿದೆ. ಊರು ದೊಂಗ್‌ವು, ಈಗಿನ ಶಾನ್‌ಡಾಂಗ್ ಪ್ರಾಂತ್ಯದಲ್ಲಿ, ಸಮಾಧಿಯಿಂದ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ದೂರ. ಇಪ್ಪತ್ತು ದರ್ಜೆಗಳಲ್ಲಿ ಕೆಳಗಿನಿಂದ ಎರಡನೆಯ ದರ್ಜೆಯವನು. ದುಡಿದು ತೀರಿಸಬೇಕಾದ ಬಾಕಿ ಇತ್ತು. ಎಷ್ಟು ಬಾಕಿ ಎಂದು ಹೆಂಚಿನ ಮೇಲೆ ಬರೆದಿಲ್ಲ.