ಆಲ್ಫ್ರೆಡ್ ಬ್ಯೂಖಿ

ಆಲ್ಫ್ರೆಡ್ ಬ್ಯೂಖಿ (ಜುಲೈ 11, 1879 – ಅಕ್ಟೋಬರ್ 27, 1959) ಸ್ವಿಟ್ಜರ್‌ಲೆಂಡ್ ದೇಶದ ಪ್ರಸಿದ್ಧ ಇಂಜಿನಿಯರ್ ಹಾಗೂ ಟರ್ಬೋಚಾರ್ಜರ್‌ನ ಜನಕ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ಶಕ್ತಿಯಿಂದಲೇ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ವಿಧಾನಕ್ಕೆ ಅವರು 1905ರಲ್ಲಿ ಪೇಟೆಂಟ್ ಪಡೆದರು. ಆದರೆ ಅದು ಕಾರ್ಯಸಾಧ್ಯವಾಗಲು ಮುಂದೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನು ಬದಲಿಸಿದುದು ಆ ಯಶಸ್ಸಿನ ಮುಖ್ಯ ಕಾರಣಗಳಲ್ಲಿ ಒಂದು.

ಜನನ ಮತ್ತು ವಿದ್ಯಾಭ್ಯಾಸ

ಬ್ಯೂಖಿ ಅವರು ವಿಂಟರ್‌ಥೂರ್ ನಗರದಲ್ಲಿ ಜನಿಸಿದರು. ತಂದೆ ಯೋಹಾನ್ ಬ್ಯೂಖಿ ಅವರು ಸುಲ್ಝರ್ ಯಂತ್ರ ನಿರ್ಮಾಣ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಬಾಲ್ಯದ ಕೆಲವು ವರ್ಷಗಳು ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಕಳೆದವು. 1899ರಲ್ಲಿ ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯವನ್ನು ಸೇರಿ, 1903ರಲ್ಲಿ ಯಂತ್ರ ವಿಜ್ಞಾನದಲ್ಲಿ ಪದವಿ ಪಡೆದರು. ಅನಂತರ ಬೆಲ್ಜಿಯಂ ಮತ್ತು ಇಂಗ್ಲೆಂಡ್‌ಗಳಲ್ಲಿ ಕೆಲಕಾಲ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದರು.

1905ರ ಪೇಟೆಂಟ್

ಇಂಧನವು ಉರಿದಾಗ ಹುಟ್ಟುವ ಶಾಖದ ದೊಡ್ಡ ಪಾಲು ಹೊಗೆಯೊಡನೆ ವ್ಯರ್ಥವಾಗಿ ಹೊರಟುಹೋಗುತ್ತದೆ. ಈ ನಷ್ಟವನ್ನು ತಡೆಯುವುದು ಹೇಗೆಂಬ ಪ್ರಶ್ನೆ ತರುಣ ಬ್ಯೂಖಿ ಅವರನ್ನು ಕಾಡುತ್ತಿತ್ತು. ಹೊಗೆಯ ರಭಸದಿಂದ ತಿರುಗುವ ಟರ್ಬೈನು, ಅದೇ ದಂಡದ ಮೇಲೆ ಗಾಳಿಯನ್ನು ಒತ್ತುವ ಸಂಪೀಡಕ: ಇದು ಅವರು ಕಂಡ ಪರಿಹಾರ. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಇಂಧನವನ್ನು ಉರಿಸಬಹುದು. ಅದೇ ಗಾತ್ರದ ಇಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ.

ವಿಫಲತೆಯ ವರ್ಷಗಳು

ಸುಲ್ಝರ್ ಸಂಸ್ಥೆಯ ಡೀಸೆಲ್ ಸಂಶೋಧನಾ ವಿಭಾಗದ ಹೊಣೆ ಹೊತ್ತ ಬ್ಯೂಖಿ ಅವರು 1911ರಲ್ಲಿ ಪ್ರಯೋಗಗಳನ್ನು ಆರಂಭಿಸಿದರು. 1915ರಲ್ಲಿ ಸಿದ್ಧವಾದ ಮೊದಲ ಮಾದರಿಯು ಬಳಕೆಗೆ ನೆಚ್ಚತಕ್ಕದ್ದಾಗಿರಲಿಲ್ಲ. ತೀವ್ರ ಶಾಖವನ್ನು ತಡೆಯಬಲ್ಲ ಲೋಹಗಳು ಆ ಕಾಲದಲ್ಲಿ ವಿರಳ. ಒಳಕ್ಕೆ ಹೆಚ್ಚು ಗಾಳಿ ತುಂಬಿದಷ್ಟೂ ಪಿಸ್ಟನ್, ಹೊಗೆ ವಾಲ್ವ್ ಮತ್ತು ಟರ್ಬೈನುಗಳ ಮೇಲೆ ಶಾಖದ ಹೊರೆ ಏರುತ್ತಿತ್ತು. ಕಲ್ಪನೆ ಸರಿಯಾಗಿದ್ದರೂ ಯಂತ್ರ ಅದನ್ನು ತಾಳುತ್ತಿರಲಿಲ್ಲ.

ವಾಲ್ವ್‌ಗಳಲ್ಲಿ ದೊರೆತ ಉತ್ತರ

1924ರಲ್ಲಿ ಬ್ರೌನ್ ಬೊವೆರಿ ಸಂಸ್ಥೆಯು ವಿಂಟರ್‌ಥೂರ್‌ನ ಲೋಕೊಮೋಟಿವ್ ಕಾರ್ಖಾನೆಯ ಪ್ರಯೋಗದ ಇಂಜಿನ್ನಿಗಾಗಿ ಟರ್ಬೋಚಾರ್ಜರ್ ಒಂದನ್ನು ನಿರ್ಮಿಸಿಕೊಟ್ಟಿತು. ಮರುವರ್ಷ ಬ್ಯೂಖಿ ಅವರು ಮತ್ತೊಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅದರಲ್ಲಿ ಎರಡು ಮುಖ್ಯ ಅಂಶಗಳಿದ್ದವು.

ಮೊದಲನೆಯದು, ವಾಲ್ವ್‌ಗಳ ಅತಿವ್ಯಾಪ್ತಿ. ಹೊಗೆ ವಾಲ್ವ್ ಮುಚ್ಚುವ ಮೊದಲೇ ಗಾಳಿ ವಾಲ್ವ್ ತೆರೆದರೆ, ಸ್ವಲ್ಪ ಕಾಲ ಎರಡೂ ತೆರೆದಿರುತ್ತವೆ. ಆಗ ಒತ್ತಡದಿಂದ ನುಗ್ಗುವ ತಂಪು ಗಾಳಿಯು ಉಳಿದ ಹೊಗೆಯನ್ನು ಗುಡಿಸಿ ಹಾಕಿ, ಪಿಸ್ಟನ್ ಹಾಗೂ ಹೊಗೆ ವಾಲ್ವ್‌ಗಳನ್ನು ತಣಿಸುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಹೀಗೆ ಹೊರಹೋಗುವುದು ಬರಿಯ ಗಾಳಿಯಾದ್ದರಿಂದ ಇಂಧನ ನಷ್ಟವಾಗುವುದಿಲ್ಲ.

ಎರಡನೆಯದು, ಹೊಗೆ ಕೊಳವೆಗಳ ವಿಂಗಡಣೆ. ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿದ್ದರೆ, ಒಂದು ಹೊರಹಾಕಿದ ಹೊಗೆಯ ಒತ್ತಡವು ಎರಡೂ ವಾಲ್ವ್ ತೆರೆದಿರುವ ಇನ್ನೊಂದರೊಳಕ್ಕೆ ತಿರುಗಿ ನುಗ್ಗಬಹುದು. ಆದ್ದರಿಂದ ಪರಸ್ಪರ ಅಡ್ಡಿಯಾಗದ ಸಿಲಿಂಡರುಗಳನ್ನು ಮಾತ್ರ ಒಂದು ಕೊಳವೆಗೆ ಸೇರಿಸಿದರು.

ಜರ್ಮನಿಯ ಪ್ರಯಾಣಿಕ ಹಡಗುಗಳಾದ ಪ್ರಾಯ್ಸೆನ್ ಮತ್ತು ಹಾನ್ಸೆಷ್ಟಾಟ್ ಡಾನ್ಸಿಗ್‌ಗಳ ಹತ್ತು ಸಿಲಿಂಡರಿನ ಡೀಸೆಲ್ ಇಂಜಿನ್ನುಗಳ ಶಕ್ತಿ ಟರ್ಬೋಚಾರ್ಜರ್‌ನಿಂದ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು. 1926ರಲ್ಲಿ ಬ್ಯೂಖಿ ಅವರು ಸುಲ್ಝರ್ ಸಂಸ್ಥೆಯನ್ನು ಬಿಟ್ಟು, ಬ್ರೌನ್ ಬೊವೆರಿ ಹಾಗೂ ವಿಂಟರ್‌ಥೂರ್ ಕಾರ್ಖಾನೆಗಳೊಡನೆ ಬ್ಯೂಖಿ ಸಿಂಡಿಕೇಟ್ ಎಂಬ ಒಕ್ಕೂಟವನ್ನು ರಚಿಸಿಕೊಂಡರು.

ಕಾರುಗಳ ಇಂಜಿನ್ನಿಗೆ ಅನ್ವಯ

1938ರಲ್ಲಿ ಸ್ವಿಟ್ಜರ್‌ಲೆಂಡಿನ ಸೌರರ್ ಸಂಸ್ಥೆಯು ಲಾರಿಗೆ ಟರ್ಬೋ ಡೀಸೆಲ್ ಇಂಜಿನ್ನನ್ನು ಅಳವಡಿಸಿತು. ಟರ್ಬೋ ಪೆಟ್ರೋಲ್ ಕಾರುಗಳು ಮಾರುಕಟ್ಟೆಗೆ ಬಂದುದು 1962ರಲ್ಲಿ, ಅಮೆರಿಕದಲ್ಲಿ. ಇಂತಹ ಕಾರಿನ ಶಕ್ತಿಯನ್ನು ಹೆಚ್ಚಿಸಲು ವಾಲ್ವ್ ಭಾಗಗಳನ್ನು ಬದಲಿಸುವವರು ಇಂದಿಗೂ ಬ್ಯೂಖಿ ಅವರು ಎದುರಿಸಿದ ಪ್ರಶ್ನೆಗಳನ್ನೇ ಎದುರಿಸುತ್ತಾರೆ.

ಕ್ಯಾಮ್‌ಶಾಫ್ಟ್: ಅತಿವ್ಯಾಪ್ತಿಯ ಪ್ರಯೋಜನ ದೊರೆಯುವುದು ಗಾಳಿಯ ಒತ್ತಡವು ಹೊಗೆಯ ಒತ್ತಡಕ್ಕಿಂತ ಹೆಚ್ಚಿರುವಾಗ ಮಾತ್ರ. ಚಿಕ್ಕ ಟರ್ಬೈನಿನ ಕಾರುಗಳಲ್ಲಿ ಅಧಿಕ ವೇಗದಲ್ಲಿ ಇದು ತಿರುವುಮುರುವಾಗಿ, ಹೊಗೆಯೇ ಸಿಲಿಂಡರಿಗೆ ಮರಳುತ್ತದೆ. ಆದಕಾರಣ ಟರ್ಬೋ ಇಲ್ಲದ ಪಂದ್ಯದ ಕಾರಿಗೆ ಒಪ್ಪುವ, ಅತಿವ್ಯಾಪ್ತಿ ದೀರ್ಘವಾದ ಕ್ಯಾಮ್‌ಶಾಫ್ಟ್ ಇಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಸ್ಪ್ರಿಂಗ್: ತುಂಬುವ ಗಾಳಿಯ ಒತ್ತಡವು ಮುಚ್ಚಿದ ಗಾಳಿ ವಾಲ್ವ್‌ನ ಬೆನ್ನನ್ನು ತಳ್ಳುತ್ತದೆ. 34 ಮಿಲಿಮೀಟರ್ ವ್ಯಾಸದ ವಾಲ್ವ್‌ನ ಮೇಲೆ 1 ಬಾರ್ ಹೆಚ್ಚುವರಿ ಒತ್ತಡವೆಂದರೆ ಸುಮಾರು 9 ಕಿಲೋಗ್ರಾಂ ಭಾರಕ್ಕೆ ಸಮ. ಸ್ಪ್ರಿಂಗ್ ಅದನ್ನು ತಡೆಯುವಷ್ಟು ಬಿಗಿಯಾಗಿರಬೇಕು. ಅಗತ್ಯಕ್ಕಿಂತ ಬಿಗಿಯಾದರೆ ಕ್ಯಾಮ್ ಸವೆಯುತ್ತದೆ.

ಹೊಗೆ ವಾಲ್ವ್: ಅತ್ಯಂತ ಬಿಸಿಯಾಗುವ ಭಾಗವಿದು. ಆದ್ದರಿಂದ ನಿಕ್ಕಲ್ ಪ್ರಧಾನವಾದ ಇಂಕೊನೆಲ್ ಮಿಶ್ರಲೋಹದ ವಾಲ್ವ್‌ಗಳನ್ನಾಗಲಿ, ಟೊಳ್ಳು ಕಾಂಡದಲ್ಲಿ ಸೋಡಿಯಂ ತುಂಬಿದ ವಾಲ್ವ್‌ಗಳನ್ನಾಗಲಿ ಬಳಸುತ್ತಾರೆ. ಸೋಡಿಯಂ ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಮೇಲೆ ಕೆಳಗೆ ಚಿಮ್ಮುತ್ತ ವಾಲ್ವ್‌ನ ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ. ಈ ವಿಧಾನವನ್ನು 1920ರ ದಶಕದಲ್ಲಿ ವಿಮಾನದ ಇಂಜಿನ್ನುಗಳಿಗಾಗಿ ರೂಪಿಸಿದವರು ಸ್ಯಾಮ್ ಹೆರಾನ್.

ಗೌರವ ಮತ್ತು ನಿಧನ

ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯವು ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ಬ್ಯೂಖಿ ಅವರು 1959ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ ನಿಧನರಾದರು. ಟರ್ಬೋ ಪೆಟ್ರೋಲ್ ಕಾರುಗಳು ಮಾರಾಟಕ್ಕೆ ಬಂದುದು ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ.