ಆಕಾಶವಾಣಿಯ ಗೋಪಾಲಸ್ವಾಮಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಅಲ್ಲಿನ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವನ್ನು ಕೆತ್ತಲಾಗಿದೆ. ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅವನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಹೊರಟ ರಾಜಸಂದೇಶವು ಇಸಿಲದ ಮಹಾಮಾತ್ರರನ್ನು ತಲುಪಿ, ಅಲ್ಲಿ ಕಲ್ಲಿನ ಮೇಲೆ ನೆಲೆನಿಂತಿತು. ಬಂಡೆ ನಡೆದು ಬರಲಾರದು. ಸಂದೇಶ ಬೇಕೆಂಬವನೇ ಅದರ ಬಳಿಗೆ ಹೋಗಬೇಕು. ಹೋದರೂ ಅಕ್ಷರ ಬಲ್ಲವನೊಬ್ಬನು ಜೊತೆಗಿರಬೇಕು. ಆಡಿದ ಮಾತು ಆ ಗಳಿಗೆಯಲ್ಲಿಯೇ ದೂರದ ಮನೆಮನೆಗಳನ್ನು ಮುಟ್ಟುವ ಬಗೆ ಮನುಷ್ಯನಿಗೆ ಒದಗಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸಿದವರು ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರು ಜನಿಸಿದ್ದು 1896ರಲ್ಲಿ. ಉನ್ನತ ವ್ಯಾಸಂಗಕ್ಕಾಗಿ ಅವರು ಲಂಡನ್ನಿಗೆ ತೆರಳಿ, ಬುದ್ಧಿಶಕ್ತಿಯ ಸ್ವರೂಪವನ್ನು ಕುರಿತ ಸಂಶೋಧನೆಗಳಿಂದ ಜಗತ್ಪ್ರಸಿದ್ಧರಾಗಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾದರು. ತಾಯ್ನಾಡಿಗೆ ಹಿಂದಿರುಗಿದ ಮೇಲೆ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗಕ್ಕೆ ಬುನಾದಿ ಹಾಕಿದರು. ಆಗ ಭಾರತದಲ್ಲಿ ಈ ಶಾಸ್ತ್ರದ ವ್ಯಾಸಂಗಕ್ಕೆ ಅವಕಾಶವಿದ್ದ ವಿಶ್ವವಿದ್ಯಾನಿಲಯಗಳು ತೀರ ವಿರಳ. ಮನುಷ್ಯನ ಮನಸ್ಸು ಹೇಗೆ ಗ್ರಹಿಸುತ್ತದೆ, ಹೇಗೆ ಕಲಿಯುತ್ತದೆ ಎಂಬುದೇ ಅವರ ಅಧ್ಯಯನದ ವಿಷಯ. ಅಂತಹವರಿಗೆ ಕಿವಿಯ ಮೂಲಕ ಅರಿವನ್ನು ಹರಡಬಲ್ಲ ಯಂತ್ರವೊಂದು ಆಕರ್ಷಕವಾಗಿ ತೋರಿದ್ದರಲ್ಲಿ ಆಶ್ಚರ್ಯವೇನಿದೆ?

ತಂತಿಯಿಲ್ಲದೆ ಸಂಕೇತಗಳನ್ನು ಕಳುಹಿಸುವ ವಿದ್ಯೆ ಆ ವೇಳೆಗೆ ಹೊಸದಾಗಿರಲಿಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ, ಗೋಡೆಗಳನ್ನು ದಾಟಿ ಸಾಗಿದ ವಿದ್ಯುತ್ಕಾಂತ ತರಂಗಗಳಿಂದ ಗಂಟೆ ಬಾರಿಸಿ ತೋರಿಸಿದ್ದರು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಖಾಸಗಿ ಕಂಪನಿಯೊಂದು ಬಾನುಲಿ ಕೇಂದ್ರಗಳನ್ನು ತೆರೆಯಿತು. ಆದರೆ ಮೂರೇ ವರ್ಷಗಳಲ್ಲಿ ಅದು ದಿವಾಳಿಯೆದ್ದು, ಕೇಂದ್ರಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಬಂಡವಾಳವಿದ್ದ ಕಂಪನಿಯೇ ಸೋತ ಕಾರ್ಯಕ್ಕೆ ಅಧ್ಯಾಪಕರೊಬ್ಬರು ಕೈಹಾಕುವುದು ಅನೇಕರಿಗೆ ಹುಚ್ಚು ಸಾಹಸವೆನಿಸಬಹುದಿತ್ತು. ಗೋಪಾಲಸ್ವಾಮಿಯವರು ಹಿಂಜರಿಯಲಿಲ್ಲ.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಅವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರ ಪ್ರೇಷಕ ಯಂತ್ರದ ಸಾಮರ್ಥ್ಯ ಕೇವಲ 30 ವಾಟ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 40 ವಾಟ್ ವಿದ್ಯುದ್ದೀಪಕ್ಕಿಂತಲೂ ಕಡಿಮೆ! ಆದರೂ ಅದರ ಕೆಲಸ ಸಣ್ಣದಲ್ಲ. ಮೈಕ್ರೊಫೋನಿನ ಮುಂದೆ ಆಡಿದ ಮಾತು ವಿದ್ಯುತ್ತಿನ ಏರಿಳಿತವಾಗುತ್ತದೆ. ಪ್ರೇಷಕವು ಆ ಏರಿಳಿತವನ್ನು ನಿಗದಿಯಾದ ಆವರ್ತನದ ತರಂಗದ ಮೇಲೆ ಹೊರಿಸುತ್ತದೆ. ಎತ್ತರದಲ್ಲಿ ಕಟ್ಟಿದ ಏರಿಯಲ್ ತಂತಿ ಅದನ್ನು ಸುತ್ತಲೂ ಹರಡುತ್ತದೆ. ಕೇಳುಗನು ತನ್ನ ರೇಡಿಯೊವನ್ನು ಅದೇ ಆವರ್ತನಕ್ಕೆ ಹೊಂದಿಸಿದರೆ ಮಾತು ಮರಳಿ ಮಾತಾಗುತ್ತದೆ. ಒಂದು ತರಂಗವನ್ನು ಎಷ್ಟು ಮಂದಿ ಕೇಳಿದರೂ ಅದು ಸವೆಯುವುದಿಲ್ಲ. ಒಂದು ದೀಪದ ಬೆಳಕಿನಲ್ಲಿ ಹಲವರು ಕುಳಿತು ಓದುವಂತೆಯೇ ಇದು.

ಯಂತ್ರವನ್ನು ಒಮ್ಮೆ ಕೂಡಿಸಿದರೆ ಆಯಿತು. ಅದಕ್ಕೆ ತಕ್ಕ ಮಾತು, ಸಂಗೀತಗಳನ್ನು ಮಾತ್ರ ಮತ್ತೆ ಮತ್ತೆ ಒದಗಿಸುತ್ತಲೇ ಇರಬೇಕು. ಬಾನುಲಿಯ ನಿಜವಾದ ಹೊರೆ ಇದೇ. ಈ ಕಾರ್ಯದಲ್ಲಿ ಅವರಿಗೆ ನೆರವಾದವರಲ್ಲಿ ಸಾಹಿತಿ ನಾ. ಕಸ್ತೂರಿಯವರು ಪ್ರಮುಖರು. ಕೇಂದ್ರಕ್ಕೆ ಒಪ್ಪಿದ ಹೆಸರು ‘ಆಕಾಶವಾಣಿ’. ಇದನ್ನು ಸೂಚಿಸಿದವರು ಕಸ್ತೂರಿಯವರೆಂದು ಪ್ರತೀತಿ. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ಆ ಪದ ಮೈಸೂರಿನ ಮನೆಯೊಂದರ ಯಂತ್ರಕ್ಕೆ ಅಂದವಾಗಿ ಹೊಂದಿಕೊಂಡಿತು. ಮುಂದೆ 1950ರ ದಶಕದಲ್ಲಿ ಇಡೀ ಭಾರತದ ಬಾನುಲಿಗೆ ಅದೇ ಹೆಸರಾಯಿತು.

ಕೇಂದ್ರವನ್ನು ಗೋಪಾಲಸ್ವಾಮಿಯವರು ಕೆಲವು ವರ್ಷಗಳ ಕಾಲ ಬಹುಮಟ್ಟಿಗೆ ಸ್ವಂತ ವೆಚ್ಚದಿಂದಲೇ ನಡೆಸಿದರು. ನಗರಸಭೆಯ ನೆರವೂ ದೊರೆಯಿತು. ಕಾಲಕ್ರಮದಲ್ಲಿ 250 ವಾಟ್ ಸಾಮರ್ಥ್ಯದ ಪ್ರೇಷಕ ಬಂದಿತು. ಆದರೆ ನಾಡಿಗೆಲ್ಲ ಸಲ್ಲಬೇಕಾದ ಸೇವೆ ಒಬ್ಬನ ಹಣದ ಚೀಲವನ್ನೂ ಆಯುಸ್ಸನ್ನೂ ನೆಚ್ಚಿಕೊಂಡು ಬಾಳಲಾರದು. 1940ರ ದಶಕದ ಆರಂಭದಲ್ಲಿ ಕೇಂದ್ರವು ಮೈಸೂರು ಸರ್ಕಾರದ ಆಡಳಿತಕ್ಕೆ ಸೇರಿತು. ತಾವು ಹೆತ್ತು ಸಾಕಿದ್ದನ್ನು ನಾಡಿಗೆ ಒಪ್ಪಿಸುವುದು ಸುಲಭದ ಮಾತಲ್ಲ. ಕಟ್ಟುವುದಕ್ಕೆ ಬೇಕಾದ ಧೈರ್ಯಕ್ಕಿಂತ ಬಿಟ್ಟುಕೊಡುವುದಕ್ಕೆ ಬೇಕಾದ ಧೈರ್ಯ ಒಮ್ಮೊಮ್ಮೆ ಹಿರಿದು. 1950ರಲ್ಲಿ ಈ ಕೇಂದ್ರ ಅಖಿಲ ಭಾರತ ಬಾನುಲಿಯಲ್ಲಿ ವಿಲೀನವಾಯಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಕಾರ್ಯಾರಂಭ ಮಾಡಿತು. ಮನೆಯ ಕೋಣೆಯಲ್ಲಿ ಹುಟ್ಟಿದ ದನಿ ಹೀಗೆ ರಾಜಧಾನಿಯನ್ನು ಸೇರಿದ್ದನ್ನು ಕಂಡ ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು.

ಬ್ರಹ್ಮಗಿರಿಯ ನೆರೆಯ ತಾಲ್ಲೂಕು ಚಳ್ಳಕೆರೆ. ಅಲ್ಲಿನ ಕುದಾಪುರದ ಬಳಿ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇಂದು ಅಧ್ಯಾಪಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಈಗ ಶಾಲೆ, ಕಚೇರಿಗಳ ಗೋಡೆಗಳ ಮೇಲೆ ವೈಫೈ ಪೆಟ್ಟಿಗೆಯನ್ನು ಕಾಣುತ್ತೇವೆ. ಅದು ಸಾಮಾನ್ಯವಾಗಿ ಒಂದು ವಾಟಿಗಿಂತ ಕಡಿಮೆ ಶಕ್ತಿಯಿಂದ ತರಂಗಗಳನ್ನು ಹರಡಿ, ಸುತ್ತಲಿನವರಿಗೆ ಜಗತ್ತಿನ ಅರಿವಿನ ಬಾಗಿಲನ್ನು ತೆರೆಯುತ್ತದೆ. ರೇಡಿಯೊ ಮಾತನ್ನು ತರುತ್ತಿತ್ತು, ಅಷ್ಟೆ. ಈ ಪೆಟ್ಟಿಗೆ ನಮ್ಮ ಪ್ರಶ್ನೆಯನ್ನೂ ಒಯ್ಯಬಲ್ಲದು. ಆದರೆ ಅಳವಡಿಸುವವರು ಪಾಲಿಸಬೇಕಾದ ನಿಯಮಗಳಲ್ಲಿ ಹಳೆಯವೂ ಉಂಟು. ಪೆಟ್ಟಿಗೆಯನ್ನು ಮೂಲೆಯಲ್ಲಿ ಅಡಗಿಸದೆ, ಎಲ್ಲರಿಗೂ ಸಮೀಪವಾಗುವಂತೆ ನಡುವೆ, ಎತ್ತರದಲ್ಲಿ ಇಡಬೇಕು. ದಪ್ಪ ಗೋಡೆಗಳೂ ಲೋಹದ ಬೀರುಗಳೂ ತರಂಗವನ್ನು ಕುಗ್ಗಿಸುತ್ತವೆ ಎಂಬುದನ್ನು ಮರೆಯಬಾರದು. ನೆರೆಯ ಪೆಟ್ಟಿಗೆಯೊಡನೆ ಘರ್ಷಿಸದ ಚಾನಲನ್ನು ಆರಿಸಿಕೊಳ್ಳಬೇಕು. ಒಳಬರುವವರಿಗಾಗಿ ಹೆಸರನ್ನೂ ಗುಪ್ತಪದವನ್ನೂ ನಿಗದಿಪಡಿಸಬೇಕು.

ಇಷ್ಟನ್ನು ಯಾರು ಬೇಕಾದರೂ ಒಂದು ಗಂಟೆಯಲ್ಲಿ ಕಲಿತಾರು. ಆ ತರಂಗದ ಮೇಲೆ ಏನನ್ನು ಕಳುಹಿಸಬೇಕು, ಅದು ಯಾರನ್ನು ಮುಟ್ಟಬೇಕು ಎಂಬ ವಿವೇಕವನ್ನು ಯಾವ ಯಂತ್ರವೂ ಕಲಿಸದು. 30 ವಾಟಿನ ಪುಟ್ಟ ಯಂತ್ರದ ಮುಂದೆ ಕುಳಿತು ನಾಡಿನ ಕಿವಿಗೆ ಒಳ್ಳೆಯ ಮಾತನ್ನು ಮುಟ್ಟಿಸಲು ಹೆಣಗಿದ ಅಧ್ಯಾಪಕರ ಬಾಳು ಆ ವಿವೇಕಕ್ಕೆ ನಿದರ್ಶನವಾಗಿದೆ.